ರೈಫಲ್ ಮೂತಿಗೆ ಏನು ಹಾಕಬೇಕು, ಏನು ಹಾಕಬಾರದು: ಹಂತ ಹಂತದ ಮಾರ್ಗದರ್ಶಿ

ಸಿರ್ಸಿ, ಅಂಕೋಲಾ, ಕಾರವಾರದ ಕಡೆಯಿಂದ ಬರುವ ಫೋನ್‌ಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. "ಮಾರಾಯಾ, ರೈಫಲ್ ಮೂತಿಗೆ ಬ್ರೇಕ್ ತಂದೆ, ಕೂರ್ತಾನೇ ಇಲ್ಲ, ಏನು ಮಾಡೋದು?" ಒದೆ ತಗ್ಗಿಸಲು ನಳಿಗೆಯ ತುದಿಗೆ ಕೂರಿಸುವ ತುಂಡೇ ಈ ಬ್ರೇಕ್, ಪೂರ್ತಿ ಹೆಸರು ಮಜಲ್ ಬ್ರೇಕ್. ಕೆಲವರದ್ದು ಥ್ರೆಡ್, ಅಂದರೆ ತಿರುಗಿಸಿ ಕೂರಿಸುವ ಸ್ಕ್ರೂ ಸುತ್ತು, ಹೊಂದುವುದಿಲ್ಲ. ಕೆಲವರದ್ದು ಕೂತಿರುತ್ತದೆ, ಆದರೆ ಗುಂಡು ಗುರಿ ಬಿಟ್ಟು ಎಲ್ಲೆಲ್ಲೋ ಹೋಗುತ್ತಿರುತ್ತದೆ. ಇನ್ನು ಕೆಲವರು ತಂದಿಟ್ಟುಕೊಂಡ ವಸ್ತುವನ್ನು ಕಾನೂನಿನ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ಅದು ಅವರಿಗೆ ಗೊತ್ತಿರುವುದಿಲ್ಲ.

ಎಲ್ಲರೂ ಎಡವುವುದು ಒಂದೇ ಕಡೆ. ಮೊದಲು ವಸ್ತು ಕೊಂಡು, ಆಮೇಲೆ ಅದು ಯಾಕೆ ಬೇಕು ಅಂತ ಯೋಚಿಸುತ್ತಾರೆ. ಅದಕ್ಕೇ ಹಂತಗಳನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ, ಹಿಂದೆಮುಂದೆ ಮಾಡಬೇಡಿ. ಮೂರನೇ ಹಂತ ಮುಗಿಯುವ ಹೊತ್ತಿಗೆ ನಿಮಗೆ "ಇದು ನನಗೆ ಬೇಡವೇ ಬೇಡ" ಅನಿಸಬಹುದು. ಹಾಗೆ ಅನಿಸಿದರೆ ದುಡ್ಡು ಉಳಿಯಿತು, ಅಷ್ಟೇ.

ಇದು ಲೈಸೆನ್ಸ್ ಇರುವ ರೈಫಲ್ ಮತ್ತು ಏರ್ ರೈಫಲ್ ಇಟ್ಟುಕೊಂಡವರಿಗೆ. ನಮ್ಮ ತೋಟದ ಮನೆಗಳಲ್ಲಿ ಕಾಣುವ, ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಚರೆ ಹಾರಿಸುವ 12 ಬೋರ್ ಕೋವಿಗಳ ಮಾತು ಮಧ್ಯೆ ಸ್ವಲ್ಪ ಬರುತ್ತದೆ.

ಬೇಕಾಗುವ ಸಾಮಾನು

ಒಂದು ಸಣ್ಣ ಟಾರ್ಚ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ನಳಿಗೆ ಒರೆಸುವ ರಾಡ್, ವರ್ನಿಯರ್ ಕ್ಯಾಲಿಪರ್, ಥ್ರೆಡ್ಡಿನ ಸುತ್ತು ಅಳೆಯುವ ಥ್ರೆಡ್ ಗೇಜ್, ಗನ್ ಎಣ್ಣೆ, ಹಳೆ ಕಾಟನ್ ಬಟ್ಟೆ. ಕೂರಿಸುವ ಹಂತಕ್ಕೆ ವೈಸ್, ಅದರ ದವಡೆಗೆ ಇಡಲು ಮರದ ಅಥವಾ ದಪ್ಪ ಚರ್ಮದ ತುಂಡು, ಮತ್ತು ಎಷ್ಟು ಬಿಗಿದೆವು ಅಂತ ತೋರಿಸುವ ಟಾರ್ಕ್ ಪಾನಾ. ಗುರಿ ಪರೀಕ್ಷೆಗೆ ಕಿವಿಯ ಪ್ಲಗ್, ಅದರ ಮೇಲೆ ಹಾಕುವ ಇಯರ್ ಮಫ್, ಕಣ್ಣಿಗೆ ಕನ್ನಡಕ. ಇವಿಷ್ಟರಲ್ಲಿ ಜನ ಕೊಳ್ಳದೇ ಬಿಡುವುದು ಥ್ರೆಡ್ ಗೇಜ್. ಎಲ್ಲಕ್ಕಿಂತ ಅಗ್ಗದ್ದೂ ಅದೇ, ಜಾಸ್ತಿ ನಷ್ಟ ತಪ್ಪಿಸುವುದೂ ಅದೇ.

ಹಂತ 1: ಕೋವಿ ಖಾಲಿ ಮಾಡಿ, ಮೊದಲು ಮೂತಿ ನೋಡಿ

ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ತೋಟಾ ಕೂರುವ ಚೇಂಬರ್ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಈಗ ಬೋಲ್ಟ್ ಪೂರ್ತಿ ಹೊರತೆಗೆದು, ಹಿಂದಿನಿಂದ ನಳಿಗೆಯೊಳಗೆ ನೋಡಿ. ಮುಂದಿನಿಂದ ಕಣ್ಣಿಟ್ಟು ನೋಡುವ ಅಭ್ಯಾಸ ಯಾವತ್ತೂ ಬೇಡ, ಕೋವಿ ಖಾಲಿ ಅಂತ ನೂರಕ್ಕೆ ನೂರು ಗೊತ್ತಿದ್ದರೂ.

ಹಿಂದಿನಿಂದ ನೋಡಿದಾಗ ಬೆಳಕು ದುಂಡಗೆ, ಪೂರ್ತಿ ಕಾಣಬೇಕು. ನಮ್ಮ ಕಡೆ ಇದನ್ನು ಒತ್ತಿ ಹೇಳಲು ಕಾರಣವಿದೆ. ಕುಂಬಾರ ಹುಳಕ್ಕೆ ಬೆರಳು ದಪ್ಪದ ತೂತು ಕಂಡರೆ ಸಾಕು, ಎರಡು ದಿನದಲ್ಲಿ ಮಣ್ಣು ತಂದು ಮೆತ್ತುತ್ತದೆ. ಅಟ್ಟದಲ್ಲಿ ನಿಲ್ಲಿಸಿಟ್ಟ ಕೋವಿಯ ನಳಿಗೆಯಿಂದ ನಾನೇ ಅಂಥ ಗೂಡು ತೆಗೆದಿದ್ದೇನೆ. ರಾಡ್ ತಳ್ಳಿದಾಗ ಒಣ ಮಣ್ಣಿನ ಉಂಡೆ, ಅದರೊಳಗೆ ಹುಳ ಹಿಡಿದಿಟ್ಟ ನಾಲ್ಕೈದು ಜೇಡ, ಎಲ್ಲ ಕಾಗದದ ಮೇಲೆ ಬಿತ್ತು. ಹಾಗೇ ಈಡು ಹೊಡೆದಿದ್ದರೆ ನಳಿಗೆ ಸಿಡಿಯುತ್ತಿತ್ತು.

ಆಮೇಲೆ ಕ್ರೌನ್. ಅಂದರೆ ನಳಿಗೆಯ ತುದಿಯಲ್ಲಿ, ತೂತಿನ ಸುತ್ತ ಇರುವ ಅಂಚು. ಗುಂಡು ಕೋವಿಯನ್ನು ಕೊನೆಯದಾಗಿ ಮುಟ್ಟುವ ಜಾಗ ಇದು. ಇಲ್ಲಿ ಒಂದು ಬದಿ ಚೂರು ಜಜ್ಜಿದ್ದರೂ ಆ ಬದಿಯಿಂದ ಗ್ಯಾಸ್ ಮೊದಲು ನುಗ್ಗಿ ಗುಂಡಿನ ಹಿಂಬದಿಯನ್ನು ಒತ್ತರಿಸುತ್ತದೆ, ಗುಂಡು ಓಲಾಡಿಕೊಂಡು ಹೋಗುತ್ತದೆ. ಹತ್ತಿ ಕಡ್ಡಿಯನ್ನು ತೂತಿನ ಒಳಗಿಂದ ಹೊರಕ್ಕೆ, ಅಂಚಿನ ಮೇಲೆ ನಿಧಾನ ಎಳೆಯಿರಿ. ಸುತ್ತಲೂ ಹೀಗೆ ಹತ್ತು ಕಡೆ ಮಾಡಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಗಾಯ ಇದೆ ಅಂತ ಅರ್ಥ.

ಕೆಂಪುಕಲ್ಲಿನ ಗೋಡೆಗೆ ಮೂತಿ ಒರಗಿಸಿ ಇಟ್ಟ ಕೋವಿಗಳಲ್ಲಿ, ಜೀಪಿನ ನೆಲಕ್ಕೆ ಮೂತಿ ಊರಿ ತಂದ ಕೋವಿಗಳಲ್ಲಿ ಈ ಗಾಯ ಸಿಗುತ್ತದೆ. ಗುರಿ ತಪ್ಪುತ್ತಿದೆ ಅಂತ ಬ್ರೇಕ್ ಹುಡುಕಿಕೊಂಡು ಬಂದವರಿಗೆ ನಾನು ಮೊದಲು ಮಾಡಿಸುವುದು ಈ ಹತ್ತಿ ಕಡ್ಡಿ ಪರೀಕ್ಷೆಯನ್ನೇ. ಕ್ರೌನ್ ಕೆಟ್ಟಿದ್ದರೆ ಅದರ ಮುಂದೆ ಎಷ್ಟು ಬೆಲೆಯ ಉಪಕರಣ ಹಾಕಿದರೂ ಗುರಿ ಸರಿಯಾಗುವುದಿಲ್ಲ.

ಹಂತ 2: ನಿಮ್ಮ ತೊಂದರೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

ಸುಮ್ನೆ ಮನಸ್ಸಿನಲ್ಲಿ ಅಂದುಕೊಳ್ಳಬೇಡಿ, ಕಾಗದದ ಮೇಲೆ ಬರೆಯಿರಿ. ಹೆಗಲಿಗೆ ಒದೆ ಜಾಸ್ತಿಯೇ? ಈಡಿನ ನಂತರ ಮೂತಿ ಮೇಲಕ್ಕೆ ಹಾರುತ್ತದೆಯೇ? ನಸುಕಿನಲ್ಲಿ ಬೆಂಕಿ ಕಂಡು ಕಣ್ಣು ಕತ್ತಲೆ ಬರುತ್ತದೆಯೇ? ಶಬ್ದವೇ? ಇವು ನಾಲ್ಕೂ ಬೇರೆ ಬೇರೆ ತೊಂದರೆ. ಒಂದಕ್ಕೆ ಮಾಡಿದ ಉಪಕರಣ ಇನ್ನೊಂದನ್ನು ಹೆಚ್ಚಿಸಬಹುದು. ಎಲ್ಲರೂ ಮರೆಯುವುದು ಇದನ್ನೇ.

ಬರೆದದ್ದು "ಗುರಿ ಸರಿ ಇಲ್ಲ" ಅಂತಾದರೆ ಇಲ್ಲಿಗೇ ನಿಲ್ಲಿಸಿ. ಕ್ರೌನ್, ಸ್ಕೋಪ್ ಮೌಂಟಿನ ಸ್ಕ್ರೂ, ಮರದ ಹಿಡಿಗೆ ನಳಿಗೆ ಕೂರುವ ಸ್ಕ್ರೂ, ತೋಟಾದ ಜಾತಿ, ನೀವು ಕುದುರೆ (ಟ್ರಿಗರ್) ಎಳೆಯುವ ರೀತಿ, ಇವನ್ನು ಇದೇ ಕ್ರಮದಲ್ಲಿ ನೋಡಿ. ಮಳೆಗಾಲದಲ್ಲಿ ಸಿರ್ಸಿಯ ತೇವಕ್ಕೆ ಮರದ ಹಿಡಿ ಉಬ್ಬಿ ನಳಿಗೆಗೆ ಒಂದು ಬದಿ ತಾಗುತ್ತದೆ, ಮಾಗಿಯಲ್ಲಿ ಮತ್ತೆ ಬಿಡುತ್ತದೆ. ಜೂನ್‌ನಲ್ಲಿ ಒಂದು ಗುರಿ, ಜನವರಿಯಲ್ಲಿ ಇನ್ನೊಂದು ಗುರಿ ಅನ್ನುವವರು ಮೊದಲು ಅದನ್ನು ನೋಡಬೇಕು.

ಬರೆದದ್ದು "ಒದೆ ಜಾಸ್ತಿ" ಅಂತಾದರೆ ಮೊದಲು ಹಿಡಿಯ ಹಿಂದೆ ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿ ಒಂದು ತಿಂಗಳು ನೋಡಿ. ಹಿಡಿ ಹೆಗಲಿನ ಗುಳಿಯಲ್ಲಿ ಬಿಗಿಯಾಗಿ ಕೂತಿದೆಯೇ ಅಂತಲೂ ನೋಡಿ, ತೋಳಿನ ಮೂಳೆಯ ಮೇಲೆ ಇಟ್ಟರೆ ಯಾವ ಕೋವಿಯಾದರೂ ನೋವು ಮಾಡುತ್ತದೆ. ಇದಕ್ಕೆ ನಳಿಗೆ ಮುಟ್ಟಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ.

ಹಂತ 3: ಕಾನೂನು ಮತ್ತು ಸ್ಪರ್ಧೆಯ ನಿಯಮ

ಇದನ್ನು ದಾಟಿಕೊಂಡು ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ ಬಂದೂಕು ಅಂದರೆ ಏನು ಅಂತ ಹೇಳುವಾಗ, ಈಡಿನ ಶಬ್ದವನ್ನಾಗಲಿ ಬೆಂಕಿಯನ್ನಾಗಲಿ ಕಡಿಮೆ ಮಾಡಲು ಮಾಡಿದ ಉಪಕರಣವನ್ನೂ ಅದರೊಳಗೇ ಸೇರಿಸುತ್ತದೆ. ಬಂದೂಕಿನ ಬಿಡಿಭಾಗಗಳೂ ಅದರೊಳಗೇ ಬರುತ್ತವೆ. ಅಂದರೆ ಸೈಲೆನ್ಸರ್ ಅಥವಾ ಫ್ಲಾಶ್ ಹೈಡರ್ ಅನ್ನುವುದು ಕಾನೂನಿನ ಕಣ್ಣಿಗೆ ಒಂದು ಕಬ್ಬಿಣದ ತುಂಡಲ್ಲ, ಅದೇ ಒಂದು ಬಂದೂಕು. ಆನ್‌ಲೈನಿನಲ್ಲಿ ಕಾರಿನ ಫಿಲ್ಟರ್ ಅನ್ನುವ ಹೆಸರಿನಲ್ಲಿ ಮಾರುವುದನ್ನು ತರಿಸಿಕೊಂಡರೂ ಮಾತು ಬದಲಾಗುವುದಿಲ್ಲ. ವಿದೇಶದಿಂದ ತರಿಸಲು 10ನೇ ಸೆಕ್ಷನ್ ಪ್ರಕಾರ ಬೇರೆ ಲೈಸೆನ್ಸೇ ಬೇಕು.

ಇನ್ನೊಂದು ತಪ್ಪು ಇನ್ನೂ ಜಾಸ್ತಿ ನಡೆಯುತ್ತದೆ. ಗುರುತಿನ ಲೇತ್ ಅಂಗಡಿಗೆ ಹೋಗಿ "ತುದಿಗೆ ಥ್ರೆಡ್ ಹೊಡೆದುಕೊಡು" ಅನ್ನುವುದು. ಆತ ಪಂಪ್‌ಸೆಟ್ಟಿನ ಶಾಫ್ಟ್ ಚೆನ್ನಾಗಿಯೇ ಮಾಡುತ್ತಾನೆ, ಆದರೆ ಬಂದೂಕು ರಿಪೇರಿ ಮಾಡಲು, ಬದಲಾಯಿಸಲು 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಕ್ಕೆ 6ನೇ ಸೆಕ್ಷನ್ ಇದೆ. ಕ್ರೌನ್ ಕೆಟ್ಟಿದೆ ಅಂತ ತುದಿ ಕತ್ತರಿಸಿ ಸರಿ ಮಾಡಿಸುವುದಿದ್ದರೂ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರವೇ ಹೋಗಬೇಕು. ನೀವು ಮಾಡಿಸಿದ ಕೆಲಸಕ್ಕೆ ಆ ಲೇತ್‌ನವನೂ ಸಿಕ್ಕಿಬೀಳುತ್ತಾನೆ, ಅದನ್ನು ಮರೆಯಬೇಡಿ.

ಮಜಲ್ ಬ್ರೇಕ್ ಶಬ್ದವನ್ನೂ ಬೆಂಕಿಯನ್ನೂ ಕಡಿಮೆ ಮಾಡುವುದಿಲ್ಲ, ಹಾಗಾಗಿ ಅದು ಬೇರೆ ಅಂತ ವಾದ ಮಾಡುವವರಿದ್ದಾರೆ. ವಾದ ಬೇಡ. ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸ್ ವಿಭಾಗಕ್ಕೆ ಒಂದು ಅರ್ಜಿ ಬರೆದು, ನಿಮ್ಮ ರೈಫಲ್‌ನ ನಂಬರ್, ಹಾಕಬೇಕೆಂದಿರುವ ವಸ್ತು, ಎರಡನ್ನೂ ನಮೂದಿಸಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಘಟ್ಟ ಇಳಿದು ಹೋಗುವುದು ಒಂದು ದಿನದ ಕೆಲಸ, ಕೇಸು ಬಿದ್ದರೆ ವರ್ಷಗಟ್ಟಲೆ ಓಡಾಟ. ಬೆಳೆ ರಕ್ಷಣೆಯ ಲೈಸೆನ್ಸ್ ಇರುವವರು ಅದರಲ್ಲಿ ಬರೆದ ಉದ್ದೇಶ, ಪ್ರದೇಶ ಎರಡನ್ನೂ ಓದಿಕೊಳ್ಳಿ. ಗುರಿ ಪರೀಕ್ಷೆ ಅಂತ ಕೋವಿ ಹಿಡಿದು ಕಾಡಿಗೆ ಹೋಗುವಂತಿಲ್ಲ. ಜೋಯಿಡಾ, ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ, ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವುದು ವನ್ಯಜೀವಿ ಕಾಯ್ದೆಯಲ್ಲೇ ಅಪರಾಧ.

ಏರ್ ರೈಫಲ್‌ನವರಿಗೆ ಒಂದು ಮಾತು. 0.177 ಇಂಚು ಅಂದರೆ 4.5 ಮಿ.ಮೀ ಬೋರ್ (ನಳಿಗೆಯ ತೂತಿನ ಅಗಲ), ಮತ್ತು 20 ಜೂಲ್ ಒಳಗಿನ ಶಕ್ತಿಯ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಅದೇ ಧೈರ್ಯದಲ್ಲಿ ಹುಡುಗರು ಅದಕ್ಕೆ ಸೈಲೆನ್ಸರ್ ತರಿಸುತ್ತಾರೆ. ಅದು ಬೇರೆ ಕೋವಿಗೂ ಕೂರುವ ವಸ್ತು, ಪೊಲೀಸರು ಕೇಳಿದರೆ ಹೇಳಲು ಉತ್ತರ ಇರುವುದಿಲ್ಲ. ಬೇಡ.

ಸ್ಪರ್ಧೆಗೆ ಹೋಗುವ ಮಕ್ಕಳಿದ್ದರೆ ಇದನ್ನು ಬರೆದಿಟ್ಟುಕೊಳ್ಳಿ: ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಲ್ಲಿ ರೈಫಲ್‌ಗೆ ಮಜಲ್ ಬ್ರೇಕ್, ಮೂತಿ ಮೇಲಕ್ಕೆ ಹಾರದಂತೆ ಒತ್ತುವ ಕಂಪೆನ್ಸೇಟರ್ ಎರಡೂ ನಿಷಿದ್ಧ. ಏರ್ ರೈಫಲ್‌ನ ನಳಿಗೆಗಾಗಲಿ ಅದರ ಮುಂದಿನ ಟ್ಯೂಬಿಗಾಗಲಿ ತೂತುಗಳು ಇರುವಂತಿಲ್ಲ. ಸ್ಪರ್ಧೆಗೆ ಮೊದಲಿನ ತಪಾಸಣೆಯಲ್ಲೇ ರೈಫಲ್ ಹೊರಗೆ ಹಾಕುತ್ತಾರೆ. ಪ್ರಯಾಣದ ಖರ್ಚು ಹೋಗಲಿ, ಮಗುವಿನ ಮುಖ ನೋಡಲು ಆಗುವುದಿಲ್ಲ.

ಹಂತ 4: ಯಾವುದರಿಂದ ಏನು ಸಿಗುತ್ತದೆ, ಏನು ಹೋಗುತ್ತದೆ

ಕೋವಿ ಒದೆಯುವುದು ಎರಡು ಕಾರಣಕ್ಕೆ. ಮುಂದೆ ಹೋಗುವ ಗುಂಡು ಹಿಂದಕ್ಕೆ ತಳ್ಳುತ್ತದೆ, ಅದು ಒಂದು. ಗುಂಡಿನ ಬೆನ್ನಿಗೇ ನುಗ್ಗಿ ಬರುವ ಬಿಸಿ ಗ್ಯಾಸ್ ಇನ್ನೂ ಒಂದು ತಳ್ಳು ಕೊಡುತ್ತದೆ, ಅದು ಎರಡನೆಯದು. ಮೂತಿಯ ಉಪಕರಣಗಳಿಗೆ ಹಿಡಿತ ಇರುವುದು ಈ ಗ್ಯಾಸ್ ಮೇಲೆ ಮಾತ್ರ. ಗ್ಯಾಸ್ ಅನ್ನು ಯಾವ ಕಡೆಗೆ ತಿರುಗಿಸುತ್ತದೆ ಅಂತ ನೋಡಿದರೆ ಲಾಭ ನಷ್ಟ ಎರಡೂ ನಿಮಗೇ ಹೊಳೆಯುತ್ತದೆ.

ಮಜಲ್ ಬ್ರೇಕ್

ಗ್ಯಾಸನ್ನು ಎರಡು ಪಕ್ಕಕ್ಕೆ, ಕೆಲವು ಬ್ರೇಕ್‌ಗಳಲ್ಲಿ ಸ್ವಲ್ಪ ಹಿಂದಕ್ಕೂ ತಿರುಗಿಸುತ್ತದೆ. ಬ್ರೇಕ್‌ನ ಒಳಗೋಡೆಗೆ ಗ್ಯಾಸ್ ಬಡಿದು ಕೋವಿಯನ್ನು ಮುಂದಕ್ಕೆ ಎಳೆದ ಹಾಗಾಗುತ್ತದೆ, ಅಷ್ಟು ಒದೆ ಕಡಿಮೆ. ದೊಡ್ಡ ತೋಟಾದ ರೈಫಲ್‌ನಲ್ಲಿ ಈ ವ್ಯತ್ಯಾಸ ಹೆಗಲಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಹೋಗುವುದು ಏನು ಅಂದರೆ, ಕಿವಿ. ದೊಡ್ಡ ರೈಫಲ್‌ನ ಈಡಿನ ಶಬ್ದ ಸುಮಾರು 160 ಡೆಸಿಬಲ್ ಇರುತ್ತದೆ. 140 ದಾಟಿದ ಒಂದೇ ಒಂದು ಶಬ್ದ ಕಿವಿಗೆ ಖಾಯಂ ಪೆಟ್ಟು ಕೊಡಬಲ್ಲದು. ಬ್ರೇಕ್ ಹಾಕಿದಾಗ ಮುಂದೆ ಹೋಗಬೇಕಿದ್ದ ಆ ಅಬ್ಬರ ನಿಮ್ಮ ಕಡೆಗೆ, ಪಕ್ಕದಲ್ಲಿ ನಿಂತವರ ಕಡೆಗೆ ಬರುತ್ತದೆ. ಪಕ್ಕದವನಿಗೆ ಕೆನ್ನೆಗೆ ಗಾಳಿ ಬಡಿದ ಹಾಗಾಗುತ್ತದೆ. ಮಲಗಿ ಹೊಡೆಯುವಾಗ ನೆಲದ ಕೆಂಪು ಧೂಳು ಎದ್ದು ಗುರಿಯೇ ಕಾಣದಾಗುತ್ತದೆ. ಗೋಣಿಚೀಲ ಒದ್ದೆ ಮಾಡಿ ಮೂತಿಯ ಕೆಳಗೆ ಹಾಸಿದರೆ ಧೂಳು ನಿಲ್ಲುತ್ತದೆ, ಶಬ್ದ ನಿಲ್ಲುವುದಿಲ್ಲ.

.22 ರೈಫಲ್‌ಗೆ ಬ್ರೇಕ್ ಕೇಳುವವರಿಗೆ ಒಂದು ಲೆಕ್ಕ. .30-06 ತೋಟಾದಲ್ಲಿ ಮದ್ದು 3 ಗ್ರಾಂಗಿಂತ ಜಾಸ್ತಿ. .22 ತೋಟಾದಲ್ಲಿ 0.1 ಗ್ರಾಂ ಆಸುಪಾಸು. ತಿರುಗಿಸಲು ಗ್ಯಾಸೇ ಇಲ್ಲ. ಅಲ್ಲಿ ಬ್ರೇಕ್ ಬರೀ ಭಾರ.

ಕಂಪೆನ್ಸೇಟರ್

ಇದು ಗ್ಯಾಸನ್ನು ಮೇಲಕ್ಕೆ ಬಿಡುತ್ತದೆ, ಅದರಿಂದ ಮೂತಿ ಕೆಳಗೆ ಒತ್ತಿದ ಹಾಗಾಗುತ್ತದೆ. ಬೇಗ ಬೇಗ ಹೊಡೆಯುವವರಿಗೆ ಉಪಯೋಗ. ಎಕೆಎಂ ರೈಫಲ್‌ನ ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಕಾಣುವ ತುಂಡು ಇದೇ ಜಾತಿಯದ್ದು. ಬೋಲ್ಟ್ ಎಳೆದು ಒಂದೊಂದೇ ಈಡು ಹೊಡೆಯುವ ನಮಗೆ ಇದರಿಂದ ಹೇಳಿಕೊಳ್ಳುವ ಲಾಭ ಇಲ್ಲ, ಎರಡನೇ ಈಡಿನ ಹೊತ್ತಿಗೆ ಮೂತಿ ತಾನಾಗೇ ಇಳಿದಿರುತ್ತದೆ. ಮಬ್ಬು ಬೆಳಕಿನಲ್ಲಿ ಮೇಲಕ್ಕೆ ಬರುವ ಬೆಂಕಿ ನೇರ ನಿಮ್ಮ ಗುರಿಯ ಸಾಲಿಗೇ ಬರುತ್ತದೆ.

ಫ್ಲಾಶ್ ಹೈಡರ್

ಸಿನಿಮಾ ನೋಡಿ ತಪ್ಪು ತಿಳಿದಿರುವುದು ಇದರ ಬಗ್ಗೆಯೇ. ಎದುರಿನವರಿಗೆ ಬೆಂಕಿ ಕಾಣಬಾರದು ಅಂತ ಅಷ್ಟೇ ಅಲ್ಲ, ಹೊಡೆಯುವವನ ಕಣ್ಣು ಕತ್ತಲೆ ಬರಬಾರದು ಅನ್ನುವುದು ಇದರ ದೊಡ್ಡ ಕೆಲಸ. ಮೂತಿಯಿಂದ ಬಂದ ಬಿಸಿ ಗ್ಯಾಸ್ ಹೊರಗಿನ ಗಾಳಿಯ ಜೊತೆ ಸೇರಿ ಮತ್ತೆ ಹೊತ್ತಿಕೊಳ್ಳುತ್ತದೆ, ಆ ದೊಡ್ಡ ಬೆಂಕಿಯನ್ನು ಇದು ಚದುರಿಸಿಬಿಡುತ್ತದೆ. ಒದೆ ಕಡಿಮೆಯಾಗುವುದಿಲ್ಲ ಅಂದರೂ ಸರಿಯೇ. ಎಂ16 ರೈಫಲ್‌ನ ಹಳೆಯ ಮಾದರಿಯಲ್ಲಿ ಸುತ್ತಲೂ ಸೀಳು ಇತ್ತು, ಎ2 ಮಾದರಿಯಲ್ಲಿ ಕೆಳಬದಿ ಮುಚ್ಚಿದರು, ಮಲಗಿ ಹೊಡೆಯುವಾಗ ಧೂಳು ಏಳಬಾರದು ಅಂತ. ಮೂರು ಕವಲಿನದ್ದು ಬೆಂಕಿಯನ್ನು ಬಹಳ ಚೆನ್ನಾಗಿ ತಡೆಯುತ್ತದೆ, ಆದರೆ ತುದಿ ತೆರೆದಿರುವುದರಿಂದ ಬಳ್ಳಿ, ಮುಳ್ಳು ಎಲ್ಲ ಸಿಕ್ಕಿಕೊಳ್ಳುತ್ತದೆ. ಇದೆಲ್ಲ ತಿಳಿದಿರಲಿ ಅಂತ ಬರೆದೆ. ಕಾನೂನಿನಲ್ಲಿ ಇದರ ಸ್ಥಾನ ಏನು ಅಂತ ಮೇಲೆ ಹೇಳಿದ್ದೇನೆ, ನಮಗೆ ಇದು ಇಲ್ಲ.

ಲೀನಿಯರ್ ಕಂಪೆನ್ಸೇಟರ್

ಹೆಸರು ಕಂಪೆನ್ಸೇಟರ್ ಅಂತಿದ್ದರೂ ಕೆಲಸ ಬೇರೆ. ಇದು ಗ್ಯಾಸನ್ನೂ ಶಬ್ದವನ್ನೂ ಮುಂದಕ್ಕೇ ಕಳಿಸುತ್ತದೆ. ಒಟ್ಟು ಶಬ್ದ ಕಡಿಮೆಯಾಗುವುದಿಲ್ಲ, ಹೊಡೆಯುವವನಿಗೆ ಮತ್ತು ಪಕ್ಕದವರಿಗೆ ಕಡಿಮೆ ಕೇಳಿಸುತ್ತದೆ. ಒದೆಗೆ ಏನೂ ಉಪಯೋಗ ಇಲ್ಲ. ಇದನ್ನೂ ಬರಹದ ಅನುಮತಿ ಇಲ್ಲದೆ ಮುಟ್ಟಬೇಡಿ.

ಸೈಲೆನ್ಸರ್

ಶಬ್ದ, ಬೆಂಕಿ, ಒದೆ ಮೂರನ್ನೂ ಕಡಿಮೆ ಮಾಡುವುದು ಇದೊಂದೇ, ಅದಕ್ಕೇ ಎಲ್ಲರಿಗೂ ಆಸೆ. ಆದರೂ ಸಿನಿಮಾದಲ್ಲಿ ತೋರಿಸಿದ ಹಾಗೆ ಪಿಸುಗುಟ್ಟುವುದಿಲ್ಲ. 20ರಿಂದ 35 ಡೆಸಿಬಲ್ ಇಳಿಯಬಹುದು, ಅಷ್ಟೇ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಆಗುವ ಚಟೀರ್ ಅನ್ನುವ ಸದ್ದು ಹಾಗೇ ಉಳಿಯುತ್ತದೆ. ಕೋವಿ ಉದ್ದ ಆಗುತ್ತದೆ, ತುದಿ ಭಾರ ಆಗುತ್ತದೆ, ಹತ್ತು ಈಡಿಗೆ ಕಾದು ಸ್ಕೋಪಿನ ಮುಂದೆ ಬಿಸಿಲ್ಗುದುರೆ ಕುಣಿಯುತ್ತದೆ. ಸಾಮಾನ್ಯ ಲೈಸೆನ್ಸ್‌ದಾರನಿಗೆ ನಮ್ಮ ದೇಶದಲ್ಲಿ ಇದು ಇಲ್ಲ. ಇದನ್ನು ಮಾಡುವುದು ಹೇಗೆ ಅಂತ ನನ್ನನ್ನು ಕೇಳಬೇಡಿ.

ಥ್ರೆಡ್ ಪ್ರೊಟೆಕ್ಟರ್

ಥ್ರೆಡ್ ಇರುವ ನಳಿಗೆಯ ತುದಿಗೆ ಹಾಕುವ ಉಂಗುರದಂಥ ಮುಚ್ಚಳ. ಥ್ರೆಡ್ ಜಜ್ಜುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಏನೂ ಕಳೆದುಕೊಳ್ಳದೆ ಸಿಗುವುದು ಇದೊಂದೇ. .22 ಇರುವವರಿಗೆ ನಾನು ಇಷ್ಟೇ ಸಾಕು ಅನ್ನುತ್ತೇನೆ.

ಏರ್ ರೈಫಲ್ ತುದಿಯ ಉಂಡೆ ಮತ್ತು 12 ಬೋರಿನ ಚೋಕ್

ಸ್ಪ್ರಿಂಗ್ ಏರ್ ರೈಫಲ್‌ಗಳ ತುದಿಗೆ ಪ್ಲಾಸ್ಟಿಕ್ ಉಂಡೆ ಕೂರಿಸಿ ಮಜಲ್ ಬ್ರೇಕ್ ಅಂತ ಮಾರುತ್ತಾರೆ. ನಳಿಗೆ ಮಡಚಿ ಲೋಡ್ ಮಾಡುವಾಗ ಕೈಗೆ ಹಿಡಿತ ಸಿಗುತ್ತದೆ, ಅದಷ್ಟೇ ಅದರ ಉಪಯೋಗ. 12 ಬೋರ್ ಕೋವಿಗೆ ಮೂತಿಯ ಉಪಕರಣ ಅಂದರೆ ಚೋಕ್. ಸಿಲಿಂಡರ್ ಅಂದರೆ ಬಿಗಿ ಇಲ್ಲದ್ದು, ಫುಲ್ ಅಂದರೆ ತುದಿ ಸುಮಾರು 1 ಮಿ.ಮೀ ಬಿಗಿಯಾದದ್ದು. ಬಿಗಿಯಾದಷ್ಟೂ ಚರೆ ಒಟ್ಟಿಗೆ ದೂರ ಹೋಗುತ್ತದೆ, ಹತ್ತಿರದ ಗುರಿ ತಪ್ಪುವುದೂ ಅಷ್ಟೇ ಸುಲಭ. ಫುಲ್ ಚೋಕ್‌ನಲ್ಲಿ ಒಂಟಿ ಗುಂಡಿನ ತೋಟಾ ಹೊಡೆಯಬೇಡಿ. ಬಿಚ್ಚುವ ಚೋಕ್ ಆದರೆ ಪ್ರತಿ ಸಲ ಕೈಯಿಂದ ಬಿಗಿ ನೋಡಿ, ಸಡಿಲ ಚೋಕ್ ನಳಿಗೆಯ ತುದಿಯನ್ನೇ ಹರಿದುಹಾಕುತ್ತದೆ. ಕೇಪಿನ ಕೋವಿಯ ತುದಿಗೆ ಏನೂ ಬೇಡ.

ಹಂತ 5: ಅಳತೆ

ಅನುಮತಿ ಬಂತು, ಬ್ರೇಕ್ ಬೇಕೇ ಬೇಕು ಅಂತ ಖಾತ್ರಿ ಆಯಿತು ಅಂದುಕೊಳ್ಳೋಣ. ಮೊದಲು ನಿಮ್ಮ ನಳಿಗೆಗೆ ಥ್ರೆಡ್ ಇದೆಯೇ? ನಮ್ಮಲ್ಲಿ ಇರುವ .315 ಸ್ಪೋರ್ಟಿಂಗ್ ರೈಫಲ್‌ಗೆ ಕಾರ್ಖಾನೆಯಿಂದ ಥ್ರೆಡ್ ಬರುವುದಿಲ್ಲ, ಮುಂದಿನ ಗುರಿಮೊನೆ ತುದಿಗೆ ಹತ್ತಿರವೇ ಕೂತಿರುತ್ತದೆ. ಥ್ರೆಡ್ ಬೇಕೆಂದರೆ ಅದನ್ನೂ ಕದಲಿಸಬೇಕು. ಅಷ್ಟು ಮಾಡುವ ಬದಲು ರಬ್ಬರ್ ಪ್ಯಾಡ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಥ್ರೆಡ್ ಇದ್ದರೆ ಎರಡು ಅಳತೆ ಬೇಕು, ದಪ್ಪ ಮತ್ತು ಇಂಚಿಗೆ ಎಷ್ಟು ಸುತ್ತು. .22 ಮತ್ತು 5.56 ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಅರ್ಧ ಇಂಚು ದಪ್ಪ, ಇಂಚಿಗೆ 28 ಸುತ್ತು. ಏರ್ ರೈಫಲ್‌ಗಳಲ್ಲಿ ಅದೇ ಅರ್ಧ ಇಂಚು, ಆದರೆ 20 ಸುತ್ತು. .30 ಬೋರಿನವಕ್ಕೆ 5/8 ಇಂಚು, 24 ಸುತ್ತು. ಎಕೆ ಜಾತಿಯವಕ್ಕೆ 14 ಮಿ.ಮೀ, ಅದೂ ಎಡಗಡೆಗೆ ತಿರುಗುವ ಥ್ರೆಡ್. ವರ್ನಿಯರ್ ಇಟ್ಟರೆ ಮೊದಲ ಎರಡೂ 12.7 ಮಿ.ಮೀ ಆಸುಪಾಸೇ ತೋರಿಸುತ್ತವೆ. ಮೊದಲ ಒಂದು ಸುತ್ತು ಕೂತೂ ಬಿಡುತ್ತದೆ, ಆಮೇಲೆ ಬಿಗಿ ಅಂತ ಪಾನಾ ಹಾಕಿ ತಿರುಗಿಸಿದರೆ ನಳಿಗೆಯ ಥ್ರೆಡ್ ಹೋಯಿತು. ಥ್ರೆಡ್ ಗೇಜ್ ಹಲ್ಲು ಇಟ್ಟು ಟಾರ್ಚ್ ಹಿಂದಿನಿಂದ ಬಿಡಿ, ಬೆಳಕು ನುಸುಳಬಾರದು.

ಥ್ರೆಡ್ ಕೂತಿತು ಅಂದ ಮಾತ್ರಕ್ಕೆ ತೂತು ಸರಿ ಇದೆ ಅಂತಲ್ಲ. ಒಂದೇ ಥ್ರೆಡ್ಡಿನಲ್ಲಿ ಬೇರೆ ಬೇರೆ ಬೋರಿನ ಬ್ರೇಕ್ ಬರುತ್ತದೆ. ಬ್ರೇಕ್‌ನ ತೂತು ಗುಂಡಿನ ದಪ್ಪಕ್ಕಿಂತ ಅರ್ಧ ಮಿ.ಮೀ ಆದರೂ ದೊಡ್ಡದಿರಬೇಕು. ಅದಕ್ಕಿಂತ ಚಿಕ್ಕದಿದ್ದರೆ ವಾಪಸ್ ಮಾಡಿ.

ಹಂತ 6: ಕೂರಿಸುವುದು

ಇದನ್ನು ಲೈಸೆನ್ಸ್ ಇರುವ ರಿಪೇರಿಯವರಿಂದಲೇ ಮಾಡಿಸಿ, ನೀವು ಎದುರಿಗೆ ನಿಂತು ನೋಡಿ. ನೋಡಬೇಕಾದ್ದು ಇವು.

ವೈಸ್‌ನಲ್ಲಿ ಹಿಡಿಯಬೇಕಾದ್ದು ನಳಿಗೆಯನ್ನು, ಮೂತಿಗೆ ಹತ್ತಿರ, ಮರದ ತುಂಡಿನ ನಡುವೆ. ಮರದ ಹಿಡಿ ಅಥವಾ ಬೋಲ್ಟ್ ಇರುವ ಭಾಗ ಹಿಡಿದು ತುದಿ ತಿರುಗಿಸಿದರೆ ಇಡೀ ಕೋವಿ ತಿರುಚುತ್ತದೆ. ಥ್ರೆಡ್ ಎರಡನ್ನೂ ಒರೆಸಿ, ಒಂದು ಹನಿ ಎಣ್ಣೆ ಹಚ್ಚಿ. ಮೊದಲು ಪೂರ್ತಿ ಬರಿಗೈಯಲ್ಲೇ ತಿರುಗಬೇಕು. ಬರಿಗೈಗೆ ತಿರುಗದಿದ್ದರೆ ಅಲ್ಲೇ ನಿಲ್ಲಿಸಿ.

ಪಕ್ಕಕ್ಕೆ ಮಾತ್ರ ತೂತಿರುವ ಬ್ರೇಕ್ ಆದರೆ ತೂತುಗಳು ಎಡಬಲಕ್ಕೆ ಸಮನಾಗಿ ಕೂರಬೇಕು. ಅದಕ್ಕೆ ಶಿಮ್ ಅನ್ನುವ ತೆಳು ಲೋಹದ ಬಳೆ ಅಥವಾ ಬಿಗಿದಾಗ ಜಜ್ಜಿ ಕೂರುವ ಕ್ರಶ್ ವಾಷರ್ ಹಾಕುತ್ತಾರೆ. ಕ್ರಶ್ ವಾಷರ್ ಒಂದೇ ಸಲಕ್ಕೆ, ಬಿಚ್ಚಿದ ಮೇಲೆ ಹೊಸದು ಬೇಕು. ಹಳೆಯದನ್ನೇ ಮತ್ತೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಬಿಗಿಯಲು ತಯಾರಕರ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ. ತೋಳಿನ ಬಲ ಎಲ್ಲ ಹಾಕಿ ಬಿಗಿದರೆ ತೆಳು ನಳಿಗೆಯ ತುದಿ ಕಣ್ಣಿಗೆ ಕಾಣದಷ್ಟು ಕಿರಿದಾಗುತ್ತದೆ, ಗುರಿ ಕೆಡುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕೂತ ಮೇಲೆ ಬೋಲ್ಟ್ ತೆಗೆದು ಹಿಂದಿನಿಂದ ನೋಡಿ. ನಳಿಗೆಯ ತೂತಿನ ಆಚೆ ಬ್ರೇಕ್‌ನ ಅಂಚು ಒಂದು ಬದಿಯಲ್ಲೂ ಒಳಕ್ಕೆ ಇಣುಕಬಾರದು. ಅಳತೆಯ ನೇರ ಸರಳು ಸಿಕ್ಕಿದರೆ ಅದನ್ನು ನಳಿಗೆಯೊಳಗೆ ಹಾಕಿ ಮುಂದೆ ತೂರಿಸಿ, ಚಂದ್ರನ ಸುತ್ತ ಬಳೆ ಕಟ್ಟಿದ ಹಾಗೆ ಸರಳಿನ ಸುತ್ತ ಜಾಗ ಸಮನಾಗಿರಬೇಕು. ಒಂದು ಬದಿ ಜಾಸ್ತಿ, ಒಂದು ಬದಿ ಕಡಿಮೆ ಇದ್ದರೆ ಆ ಕೋವಿಯಿಂದ ಒಂದು ಈಡೂ ಹೊಡೆಯಬೇಡಿ.

ಹಂತ 7: ಗುರಿ ಪರೀಕ್ಷೆ, ಮತ್ತು ಅಪಾಯದ ಗುರುತು

ಅಂಗೀಕೃತ ರೇಂಜ್‌ನಲ್ಲಿ ಮಾತ್ರ. ಒಂದೇ ಡಬ್ಬಿಯ ತೋಟಾ, ಒಂದೇ ಮೇಜು, ಒಂದೇ ದಿನ. ಬ್ರೇಕ್ ಇಲ್ಲದೆ 5 ಈಡು, ಹಾಕಿ 5 ಈಡು, ಪುನಃ ತೆಗೆದು 5 ಈಡು. ನಡುವೆ ನಳಿಗೆ ಆರಲು ಬಿಡಿ. ಶಿಮ್ ಹಾಕಿ ಕೂರಿಸಿದ್ದರೆ ಹೀಗೆ ತೆಗೆದು ಹಾಕಲು ಬರುತ್ತದೆ, ಕ್ರಶ್ ವಾಷರ್ ಆದರೆ ಕೂರಿಸುವ ಮೊದಲೇ ಬರಿ ನಳಿಗೆಯ 5 ಈಡಿನ ಕಾಗದ ಇಟ್ಟುಕೊಂಡಿರಬೇಕು. ಗುಂಡು ಬೀಳುವ ಜಾಗ ಒಟ್ಟಿಗೆ ಆಚೀಚೆ ಸರಿದರೆ ಹೆದರಬೇಡಿ, ತುದಿಯಲ್ಲಿ ಭಾರ ಸೇರಿದಾಗ ನಳಿಗೆ ಅದುರುವ ರೀತಿ ಬದಲಾಗುತ್ತದೆ. ಗುರಿ ಮತ್ತೆ ಹೊಂದಿಸಿದರೆ ಆಯಿತು. ಆದರೆ ಮೊದಲು ಒತ್ತಾಗಿ ಬೀಳುತ್ತಿದ್ದ ಗುಂಡುಗಳು ಈಗ ಚದುರಿದರೆ, ಅದು ಹೊಂದಿಸುವ ಮಾತಲ್ಲ.

ಪ್ಲಗ್ ಮತ್ತು ಮಫ್ ಎರಡೂ ಹಾಕಿ. ಪಕ್ಕದ ಮೇಜಿನವರಿಗೆ ಮೊದಲೇ ಹೇಳಿ, ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸಬೇಡಿ.

ಅಪಾಯದ ಗುರುತುಗಳಲ್ಲಿ ನನಗೆ ಮರೆಯಲಾಗದ್ದು ಒಂದಿದೆ. ನನ್ನದೇ ಏರ್ ರೈಫಲ್‌ನ ತುದಿಗೆ ಹೊಸ ಉಂಡೆ ಹಾಕಿದ ಮೇಲೆ ಪೆಲೆಟ್‌ಗಳು ಬಲಕ್ಕೆ, ಕೆಳಕ್ಕೆ ಎಲ್ಲೆಂದರಲ್ಲಿ ಬೀಳತೊಡಗಿದವು. ಒಂದು ತಿಂಗಳು ಗುರಿಮೊನೆಯ ಸ್ಕ್ರೂ ತಿರುಗಿಸಿದ್ದೇ ಬಂತು. ಒಂದು ಸಂಜೆ ಉಂಡೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ, ತೂತಿನ ಎಡಬದಿಯ ಒಳಗೆ ಪೆನ್ಸಿಲಿನಿಂದ ಗೀಚಿದ ಹಾಗೆ ಬೂದುಬಣ್ಣದ ಸಣ್ಣ ಪಟ್ಟಿ. ಬೆರಳಿಗೆ ಹತ್ತಿತು. ಸೀಸ. ಪ್ರತಿಯೊಂದು ಪೆಲೆಟ್ ಹೊರಗೆ ಹೋಗುವಾಗ ಅಲ್ಲಿ ಸವರಿಕೊಂಡು ಹೋಗಿತ್ತು. ಏರ್ ರೈಫಲ್‌ನಲ್ಲಿ ಇದರಿಂದ ಗುರಿ ಮಾತ್ರ ಕೆಟ್ಟಿತು. ದೊಡ್ಡ ರೈಫಲ್‌ನಲ್ಲಿ ಹೀಗೆ ತಾಗಿದರೆ ಬ್ರೇಕೇ ಸಿಡಿದು ಚೂರಾಗಿ ಹಾರಬಹುದು. ಮೊದಲ ಒಂದು ಈಡಿನ ನಂತರವೇ ಕೋವಿ ಖಾಲಿ ಮಾಡಿ, ತೂತಿನ ಅಂಚು ಟಾರ್ಚ್ ಹಾಕಿ ನೋಡಿ. ಒಂದೇ ಬದಿ ತಾಮ್ರದ ಅಥವಾ ಸೀಸದ ಗೆರೆ ಕಂಡರೆ ಎರಡನೇ ಈಡು ಬೇಡ.

ಕಾಗದದ ಗುರಿಯಲ್ಲಿ ತೂತು ದುಂಡಗಿಲ್ಲದೆ ಅಡ್ಡ ಉದ್ದಕ್ಕೆ ಬಿದ್ದಿದ್ದರೂ ಅದೇ ಅರ್ಥ, ಗುಂಡು ಮಗುಚಿಕೊಂಡು ಹೋಗುತ್ತಿದೆ. ಐದಾರು ಈಡಿಗೆ ಬ್ರೇಕ್ ಕೈಯಲ್ಲಿ ಅಲುಗಾಡಿದರೆ, ಬಿಗಿದಾಗ ಹಾಕಿದ ಪೆನ್ನಿನ ಗೆರೆ ಸರಿದಿದ್ದರೆ, ತೂತುಗಳ ಹತ್ತಿರ ಕೂದಲೆಳೆಯಂಥ ಬಿರುಕು ಕಂಡರೆ, ಮತ್ತೆ ಅದನ್ನು ಹಾಕಬೇಡಿ.

ಹಂತ 8: ಮಳೆಗಾಲ ಮತ್ತು ಉಪ್ಪುಗಾಳಿ

ಕಾರವಾರ, ಗೋಕರ್ಣ, ಭಟ್ಕಳದವರಿಗೆ ಉಪ್ಪುಗಾಳಿ, ಘಟ್ಟದ ಮೇಲಿನವರಿಗೆ ನಾಲ್ಕು ತಿಂಗಳ ಥಂಡಿ. ಬ್ರೇಕ್ ಮತ್ತು ನಳಿಗೆಯ ನಡುವಿನ ಥ್ರೆಡ್ಡಿನಲ್ಲಿ ತೇವ ಹೊಕ್ಕರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ, ದೀಪಾವಳಿಗೆ ಬಿಚ್ಚಲು ಹೋದರೆ ಎರಡೂ ಒಂದೇ ಕಬ್ಬಿಣ ಆಗಿರುತ್ತದೆ. ಮೇ ಕೊನೆಗೇ ಬಿಚ್ಚಿಸಿ, ಒಣಗಿಸಿ, ಥ್ರೆಡ್ಡಿಗೆ ಗ್ರೀಸ್ ಸವರಿ, ಥ್ರೆಡ್ ಪ್ರೊಟೆಕ್ಟರ್ ಹಾಕಿಡಿ. ನಳಿಗೆಯೊಳಗೆ ಗನ್ ಎಣ್ಣೆಯ ಬಟ್ಟೆ ಒಮ್ಮೆ ಓಡಿಸಿ. ಮುಂದೆ ಈಡು ಹೊಡೆಯುವ ಮೊದಲು ಆ ಎಣ್ಣೆ ಪೂರ್ತಿ ಒರೆಸಲೇಬೇಕು.

ಎಣ್ಣೆ ಅಂದರೆ ತೆಂಗಿನ ಎಣ್ಣೆ ಅಲ್ಲ. ಅಜ್ಜನ ಕಾಲದಿಂದ ಹಚ್ಚಿದ್ದೇವೆ ಅನ್ನುತ್ತೀರಿ, ಸರಿ. ಸಿರ್ಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ ಅಲ್ವಾ, ಬೋಲ್ಟ್ ಒಳಗೂ ಹಾಗೇ ಆಗುತ್ತದೆ. ಹಳೆಯದಾದರೆ ಅಂಟಾಗಿ ಧೂಳು ಹಿಡಿಯುತ್ತದೆ. ಚುನಾವಣೆಗೆ ಕೋವಿ ಠಾಣೆಗೆ ಕೊಡುವ ಹಿಂದಿನ ದಿನವೂ ಇದೇ ಕ್ರಮದಲ್ಲಿ ಒರೆಸಿ, ಎಣ್ಣೆ ಹಚ್ಚಿ ಕೊಡಿ, ವಾರಗಟ್ಟಲೆ ಅದನ್ನು ಮುಟ್ಟಲು ನಿಮಗೆ ಸಿಗುವುದಿಲ್ಲ.

ಕೋವಿಯನ್ನು ಬೀಗ ಹಾಕಿದ ಕಪಾಟಿನಲ್ಲಿ, ಗೋಡೆಗೆ ತಾಗದ ಹಾಗೆ ಇಡಿ. ಮೂತಿಗೆ ಬಿರಡೆ ಜಡಿಯಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ತೆಳು ಸೊಳ್ಳೆಪರದೆಯ ಬಟ್ಟೆ ಎರಡು ಪದರ ಮಾಡಿ ಮೂತಿಗೆ ಕಟ್ಟಿದರೆ ಗಾಳಿ ಆಡುತ್ತದೆ, ಕುಂಬಾರ ಹುಳ ಬರುವುದಿಲ್ಲ. ಕಟ್ಟುವ ದಾರ ಕೆಂಪು ಬಣ್ಣದ್ದಿರಲಿ, ಬೋಲ್ಟಿನವರೆಗೆ ಉದ್ದ ಬಿಡಿ. ಕೋವಿ ಕೈಗೆತ್ತಿಕೊಂಡ ಕೂಡಲೇ ಅದು ಕಣ್ಣಿಗೆ ಬಿದ್ದರೆ ಬಟ್ಟೆ ಬಿಚ್ಚುವುದು ಮರೆಯುವುದಿಲ್ಲ.